ಕಂಬದ ಏಣು ದುಂಡಗೆ ಮಾಡುವುದು: ಚಪ್ಪರ, ಜಗಲಿ, ಪರ್ಗೋಲಾದ ಮರದ ಕಂಬಗಳಿಗೆ ಸಮಗ್ರ ಮಾರ್ಗದರ್ಶಿ

ಮಿಲ್ಲಿನಲ್ಲಿ ಕೊಯ್ಸಿ ತಂದ ನಾಲ್ಕಿಂಚಿನ ಕಂಬದ ಏಣಿನ ಮೇಲೆ, ಅಂದರೆ ಎರಡು ಮೈ ಸೇರುವ ಆ ಚೂಪು ಗೆರೆಯ ಮೇಲೆ, ಬೆರಳು ಸವರಿ ನೋಡಿ. ಒಂದಡಿ ಹೋಗುವುದರೊಳಗೆ ಸಿಬಿರು ಚುಚ್ಚುತ್ತದೆ. ಮಕ್ಕಳ ಹಣೆ, ದೊಡ್ಡವರ ಮೊಣಕೈ, ಸಾಮಾನು ಒಳಗೆ ಸಾಗಿಸುವವರ ಬೆರಳು ತಾಗುವುದೂ ಅಲ್ಲಿಗೇ. ಆದರೆ ಬಯಲಿನಲ್ಲಿ ನಿಲ್ಲುವ ಕಂಬಕ್ಕೆ ಏಣು ದುಂಡಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ.

ಹಸಿ ಬಣ್ಣವಾಗಲಿ ವಾರ್ನಿಷ್ ಆಗಲಿ ಚೂಪು ಏಣಿನ ಮೇಲೆ ನಿಲ್ಲುವುದಿಲ್ಲ. ಒಣಗುವ ಮೊದಲೇ ಎರಡೂ ಮೈಗಳ ಕಡೆಗೆ ಸರಿದುಹೋಗುತ್ತದೆ. ಮೈಮೇಲೆ ಮೂರು ಕೋಟಿನ ದಪ್ಪವಿದ್ದರೂ ಏಣಿನ ಮೇಲೆ ಉಳಿಯುವುದು ತೆಳು ಪದರ ಮಾತ್ರ. ಎರಡು ಬೇಸಿಗೆಯ ಬಿಸಿಲಿಗೆ ಆ ಪದರ ಸೀಳುತ್ತದೆ, ಮಳೆಗಾಲದಲ್ಲಿ ಸೀಳಿನಿಂದ ನೀರು ಒಳಗೆ ಹೋಗುತ್ತದೆ, ಬಣ್ಣ ಅಂಚಿನಿಂದ ಪಟ್ಟಿಪಟ್ಟಿಯಾಗಿ ಏಳುತ್ತದೆ. ಹಳೆಯ ಗೇಟಿನ ಕಂಬಗಳಲ್ಲಿ ಬಣ್ಣ ಮೊದಲು ಹೋಗಿರುವುದು ಎಲ್ಲಿ ಎಂದು ಗಮನಿಸಿದರೆ ಗೊತ್ತಾಗುತ್ತದೆ, ಏಣಿನಲ್ಲೇ. 3 ಮಿ.ಮೀ. ತ್ರಿಜ್ಯದಷ್ಟು ದುಂಡಗಾದರೂ ಸಾಕು, ಬಣ್ಣ ಹೆಚ್ಚುಕಡಿಮೆ ಒಂದೇ ದಪ್ಪದಲ್ಲಿ ತಿರುವನ್ನು ಸುತ್ತಿಕೊಳ್ಳುತ್ತದೆ.

ಹಾಗೆಂದು ಕಂಬವನ್ನು ತುದಿಯಿಂದ ಬುಡದವರೆಗೆ ದುಂಡಗೆ ಹೊಡೆದುಬಿಟ್ಟರೆ ಕೆಲಸ ಕೆಡುತ್ತದೆ. ದುಂಡು ಮಾಡುವುದು ಸುಲಭ, ಯಾರು ಬೇಕಾದರೂ ಮಾಡಬಹುದು. ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲೇ ಕೈಚಳಕ ಇರುವುದು.

ಎಷ್ಟು ದುಂಡಗಿರಬೇಕು?

ಬಡಗಿಗಳ ಲೆಕ್ಕ ನೂಲಿನಲ್ಲಿ. ಇಂಚಿಗೆ 8 ನೂಲು. 2 ನೂಲು ಎಂದರೆ 6 ಮಿ.ಮೀ. ಚಿಲ್ಲರೆ, 3 ನೂಲು 9.5 ಮಿ.ಮೀ., 4 ನೂಲು 12.7 ಮಿ.ಮೀ. ಅಂಗಡಿಯಲ್ಲಿ ಸಿಗುವ ರೌಟರ್ ಬಿಟ್‌ಗಳೂ (ಮರದ ಅಂಚು ಕೊರೆಯುವ ಕರೆಂಟ್ ಯಂತ್ರಕ್ಕೆ ಹಾಕುವ ಕತ್ತರಿಸುವ ತುದಿಗಳು) ಇದೇ ಅಳತೆಯವು.

ಮೂರಿಂಚಿನ ಕಂಬಕ್ಕೆ 2 ನೂಲು ಸಾಕು. ನಾಲ್ಕಿಂಚಿನದಕ್ಕೆ 2ರಿಂದ 3 ನೂಲು ಚೆನ್ನಾಗಿ ಕಾಣುತ್ತದೆ, 4 ನೂಲಿಗಿಂತ ಹೆಚ್ಚು ಮಾಡಿದರೆ ಕಂಬ ಸೊರಗಿದ ಹಾಗೆ ಕಾಣುತ್ತದೆ. ಆರಿಂಚಿನ ಕಂಬ 4ರಿಂದ 6 ನೂಲನ್ನು ತಾಳುತ್ತದೆ. ಜೋಕಾಲಿಯ ಹಗ್ಗ ಸುತ್ತುವ ತೊಲೆ ಮತ್ತು ಕೊಟ್ಟಿಗೆಯಲ್ಲಿ ದನ ಕಟ್ಟುವ ಕಂಬದ ಲೆಕ್ಕ ಬೇರೆ. ಅಲ್ಲಿ ಹಗ್ಗ ಹಗಲಿಡೀ ಏಣಿಗೆ ಉಜ್ಜುತ್ತಿರುತ್ತದೆ. ತಿರುವು ಎಷ್ಟು ದೊಡ್ಡದೋ ಹಗ್ಗಕ್ಕೆ ಅಷ್ಟು ಆಯಸ್ಸು, 20 ಮಿ.ಮೀ.ಗಿಂತ ಕಡಿಮೆ ಬೇಡ.

ಎಷ್ಟು ಮರ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. 12 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಏಣಿನ ಚೂಪು ತುದಿಯಿಂದ ಒಳಕ್ಕೆ ಸುಮಾರು 5 ಮಿ.ಮೀ. ಮರ ಹೋಗುತ್ತದೆ. ಹಸಿರು ಛಾಯೆಯ, ಒತ್ತಡದಲ್ಲಿ ಔಷಧಿ ತುಂಬಿಸಿದ ಪೈನ್ ಕಂಬವಾದರೆ ಔಷಧಿ ಚೆನ್ನಾಗಿ ಇಳಿದಿರುವ ಹೊರಪದರ ಹೋಗಿ ಒಳಗಿನ ಮರ ಬಯಲಾಗಬಹುದು. ಅಂಥ ಕಂಬಕ್ಕೆ 2 ನೂಲಿಗೇ ನಿಲ್ಲಿಸಿ, ಕತ್ತರಿಸಿದ ಜಾಗಕ್ಕೆಲ್ಲ ಗೆದ್ದಲು ಮತ್ತು ಬೂಷ್ಟು ನಿರೋಧಕ ದ್ರಾವಣವನ್ನು ಬ್ರಷ್‌ನಿಂದ ಎರಡು ಸಲ ಬಳಿಯಿರಿ. ಅದರ ಪುಡಿಯನ್ನು ಒಲೆಗೆ ಹಾಕಬೇಡಿ, ಗಿಡದ ಬುಡಕ್ಕೂ ಸುರಿಯಬೇಡಿ. ಆ ಔಷಧಿಯಲ್ಲಿ ತಾಮ್ರ ಇರುತ್ತದೆ, ಎಷ್ಟೋ ಸಲ ಆರ್ಸೆನಿಕ್ ಕೂಡ.

ಎಲ್ಲಿ ದುಂಡಗೆ ಮಾಡಬಾರದು

ಹಳೆಯ ತೊಟ್ಟಿಮನೆಗಳ ಮರದ ಕಂಬಗಳನ್ನು ನೋಡಿ. ನಡುಭಾಗ ದುಂಡಗೋ ಎಂಟು ಮೂಲೆಯದೋ ಆಗಿದ್ದರೂ ಬುಡ ಮತ್ತು ತಲೆ ಚೌಕವಾಗಿ ಉಳಿದಿರುತ್ತವೆ. ಅದು ಬರೀ ಅಲಂಕಾರಕ್ಕೆ ಅಲ್ಲ. ತೊಲೆ ಕೂರುವಲ್ಲಿ, ಅಡಿಗಲ್ಲಿಗೆ ತಾಗುವಲ್ಲಿ ಪೂರ್ತಿ ಮರ ಬೇಕು, ನೇರ ಮೈ ಬೇಕು. ಇವತ್ತಿನ ಕಂಬಕ್ಕೂ ಇದೇ ನಿಯಮ.

ಕೆಲಸ ಶುರುಮಾಡುವ ಮೊದಲು ಪ್ರತಿ ಕಂಬದ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ. ತಲೆಯಲ್ಲಿ ತೊಲೆಯ ಅಡಿಮೈಯಿಂದ 75 ಮಿ.ಮೀ. ಕೆಳಗೆ ಒಂದು ಗೆರೆ. ಬುಡದಲ್ಲಿ ಕಬ್ಬಿಣದ ಶೂ (ಕಂಬದ ಬುಡ ಒಳಗೆ ಕೂರುವ ಗೂಡು) ಇದ್ದರೆ ಅದರ ಮೇಲಂಚಿನಿಂದ 75 ಮಿ.ಮೀ. ಮೇಲೆ ಒಂದು ಗೆರೆ, ಕಲ್ಲಿನ ಮೇಲೆ ನಿಲ್ಲುವುದಾದರೆ 100 ಮಿ.ಮೀ. ಮೇಲೆ. ದುಂಡು ಈ ಎರಡು ಗೆರೆಗಳ ನಡುವೆ ಮಾತ್ರ. ಶೂ ಒಳಗೆ ಹೋಗುವ ಭಾಗವನ್ನೂ ದುಂಡಗೆ ಮಾಡಿದರೆ ಕಬ್ಬಿಣಕ್ಕೂ ಮರಕ್ಕೂ ನಡುವೆ ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಕೊಳವೆಗಳಾಗುತ್ತವೆ. ಕಂಬದ ಮೈಮೇಲೆ ಹರಿದು ಬಂದ ಮಳೆನೀರು ಸೀದಾ ಅಲ್ಲಿಗೆ ಇಳಿದು ಬುಡದ ಅಡ್ಡ ಕೊಯ್ದ ಮೈಯ ಬಳಿ ನಿಲ್ಲುತ್ತದೆ. ಕಂಬ ಕೊಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೈಯಾಸರೆಗೆ ಕಂಬಗಳ ನಡುವೆ ಹಾಕುವ ಅಡ್ಡಪಟ್ಟಿ ಬಂದು ಸೇರುವ ಜಾಗವನ್ನು ಮರೆಯುವವರೇ ಹೆಚ್ಚು. ಪಟ್ಟಿ ಕಂಬದ ಹೊರಮೈಗೆ ಸಮವಾಗಿ ಬರುವುದಾದರೆ, ಕಂಬದ ಏಣು ದುಂಡಗಿರುವಲ್ಲಿ ಪಟ್ಟಿಯ ತುದಿಗೂ ಕಂಬಕ್ಕೂ ನಡುವೆ ಬೆಣೆಯಾಕಾರದ ಸಂದು ಉಳಿಯುತ್ತದೆ. ಇದಕ್ಕೆ ಎರಡು ದಾರಿ. ಪಟ್ಟಿಯನ್ನು ತ್ರಿಜ್ಯದಷ್ಟಾದರೂ ಒಳಕ್ಕೆ ಸರಿಸಿ ಕೂರಿಸಬಹುದು. ಇಲ್ಲವೇ ಪಟ್ಟಿ ಬರುವ ಜಾಗಕ್ಕೆ ಮೇಲೆ ಕೆಳಗೆ 25 ಮಿ.ಮೀ. ಬಿಟ್ಟು ದುಂಡನ್ನು ನಿಲ್ಲಿಸಬಹುದು. ಮೊದಲನೆಯದೇ ಸಲೀಸು, ಕಣ್ಣಿಗೂ ಹಿತ. ಗೇಟಿನ ಕಂಬದಲ್ಲಿ ಕೀಲು ಕೂರುವ ಏಣು, ಚಿಲಕದ ಪಟ್ಟಿ ಬರುವ ಏಣು, ಗೋಡೆಗೆ ಒತ್ತಿ ನಿಲ್ಲುವ ಅರ್ಧಕಂಬದ ಹಿಂದಿನ ಎರಡು ಏಣು, ಇವನ್ನೆಲ್ಲ ಚೂಪಾಗಿಯೇ ಬಿಡಿ.

ಗುರುತು ಹಾಕಿದ ಮೇಲೆ ದುಂಡು ಮಾಡಬಾರದ ಭಾಗದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಅಡ್ಡಗೆರೆಗಳನ್ನು ಎಳೆಯಿರಿ. ಯಂತ್ರ ಓಡುತ್ತಿರುವಾಗ ಪೆನ್ಸಿಲ್ ಗೆರೆ ಪುಡಿಯಡಿಯಲ್ಲಿ ಕಾಣುವುದಿಲ್ಲ.

ಮರ ಮತ್ತು ಕಾಲ

ತೇಗ ದುಂಡು ಮಾಡಲು ಸೌಮ್ಯವಾದ ಮರ. ಆದರೆ ಅದರೊಳಗಿನ ಸಿಲಿಕಾ ಬಿಟ್‌ನ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ, ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮತ್ತಿ ಗಟ್ಟಿ, ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದಡಿ ನುಣ್ಣಗೆ ಬಂದರೆ ಮುಂದಿನ ಒಂದಡಿ ಕಿತ್ತುಕೊಂಡು ಬರುತ್ತದೆ, ಇಲ್ಲಿ ತೆಳುವಾಗಿ ಹಲವು ಸಲ ತೆಗೆಯುವುದೊಂದೇ ದಾರಿ. ಹೊನ್ನೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಅದರ ಪುಡಿ ಬಿಳಿ ಗೋಡೆಯ ಬುಡದಲ್ಲೋ ಹೊಸ ನೆಲದ ಮೇಲೋ ಬಿದ್ದಿದ್ದರೆ ನೀರು ತಾಗುವ ಮೊದಲೇ ಗುಡಿಸಿ. ಹೆಬ್ಬಲಸು, ನಂದಿ ಎರಡೂ ಚೂಪಾದ ಬಿಟ್‌ಗೆ ಒಗ್ಗುತ್ತವೆ. ಯಾವ ಮರವಾದರೂ ಚೇಗು (ಒಳಗಿನ ಗಟ್ಟಿ ಮರ) ಇರುವ ಏಣನ್ನು ಮಳೆ ಬಡಿಯುವ ದಿಕ್ಕಿಗೆ, ಬಿಳಿ ಮರ ಉಳಿದಿರುವ ಏಣನ್ನು ಒಳಗಿನ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ದುಂಡು ಮಾಡುವಾಗ ಬಿಳಿ ಮರ ಪೂರ್ತಿ ಹೋಗಿಬಿಟ್ಟರೆ ಇನ್ನೂ ಒಳ್ಳೆಯದು.

ಹಸಿ ಮರವನ್ನು ದುಂಡು ಮಾಡಬೇಡಿ. ಮೈ ಜುಂಗು ಜುಂಗಾಗಿ ಏಳುತ್ತದೆ, ಉಜ್ಜಿದರೂ ಕೂರುವುದಿಲ್ಲ. ಮುಂದೆ ಒಣಗುವಾಗ ಕಂಬ ಬಿರಿದು ದುಂಡಿನ ಮೇಲೆಯೇ ಸೀಳು ಬರುತ್ತದೆ. ಮಲೆನಾಡು ಕರಾವಳಿಗಳಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ಹೊಂದುವ ಕಾಲ. ಮೇ ಕೊನೆಗೆ ಶುರುಮಾಡಿದರೆ ಬಣ್ಣ ಒಣಗುವ ಮೊದಲೇ ಮಳೆ ಹಿಡಿಯುತ್ತದೆ.

ಬೇಕಾಗುವ ಸಾಮಾನು

ಕಂಬಗಳನ್ನು ನಿಲ್ಲಿಸುವ ಮೊದಲೇ ಕುದುರೆಯ (ಮರ ಇಟ್ಟು ಕೆಲಸ ಮಾಡುವ ನಾಲ್ಕು ಕಾಲಿನ ಸ್ಟ್ಯಾಂಡಿನ) ಮೇಲೆ ಮಲಗಿಸಿ ಮಾಡುವುದು ಎಲ್ಲದಕ್ಕಿಂತ ಉತ್ತಮ.

- ಟ್ರಿಮ್ಮರ್ (ಸಣ್ಣ ರೌಟರ್) ಅಥವಾ ರೌಟರ್. ವೇಗ ಬದಲಿಸಬಹುದಾದದ್ದು ಸಿಕ್ಕರೆ ಅದನ್ನೇ ಆರಿಸಿ.
- ತುದಿಯಲ್ಲಿ ಬೇರಿಂಗ್ (ಕಂಬದ ಮೈಗೆ ತಾಗಿ ಉರುಳುವ ಸಣ್ಣ ಚಕ್ರ) ಇರುವ, ಕಾರ್ಬೈಡ್ ಬಾಯಿಯ ರೌಂಡ್ ಓವರ್ ಬಿಟ್, ಅಂದರೆ ಅಂಚು ದುಂಡು ಮಾಡುವ ಬಿಟ್.
- ಒಂದು ಸಣ್ಣ ಹತ್ತರಿ (ಕೆಲವು ಕಡೆ ತೋಪಡ, ರಂದ ಎನ್ನುತ್ತಾರೆ), ಒಂದಿಂಚಿನ ಉಳಿ, ಒಂದು ಅರ.
- 80, 120, 150 ನಂಬರಿನ ಸ್ಯಾಂಡ್ ಪೇಪರ್. ಬಟ್ಟೆಯ ಬೆನ್ನಿನ ರೋಲ್ ಆದರೆ ತಿರುವಿನಲ್ಲಿ ಹರಿಯುವುದಿಲ್ಲ.
- ಎರಡು ಕ್ಲ್ಯಾಂಪ್, ಮೂಲೆಮಟ್ಟ, ಮಾರ್ಕಿಂಗ್ ಗೇಜ್ (ಅಂಚಿನಿಂದ ಒಂದೇ ದೂರದಲ್ಲಿ ಗೆರೆ ಎಳೆಯುವ ಸಾಧನ), ಒಂದು ಅಯಸ್ಕಾಂತ.
- ಕನ್ನಡಕ, ಕಿವಿ ಮುಚ್ಚುವ ಮಫ್, ಎನ್95 ಮಾಸ್ಕ್. ಗಟ್ಟಿ ಮರದ ನಯ ಪುಡಿ ಮೂಗಿನ ಕ್ಯಾನ್ಸರ್‌ಗೂ ಕಾರಣವಾಗುತ್ತದೆ, ಕರ್ಚೀಫು ಕಟ್ಟಿಕೊಂಡರೆ ಸಾಲದು.

ಬಿಟ್ ಕೊಳ್ಳುವಾಗ ಅದರ ದಂಟಿನ ಅಳತೆ ನೋಡಿ. 6 ಮಿ.ಮೀ. ದಂಟು, 6.35 ಮಿ.ಮೀ. (ಕಾಲಿಂಚು) ದಂಟು ಎರಡೂ ಮಾರುಕಟ್ಟೆಯಲ್ಲಿವೆ, ಕಣ್ಣಿಗೆ ಒಂದೇ ತರ ಕಾಣುತ್ತವೆ. ಕಾಲಿಂಚಿನ ಕಾಲೆಟ್‌ಗೆ (ದಂಟನ್ನು ಕಚ್ಚಿ ಹಿಡಿಯುವ ಯಂತ್ರದ ಹಿಡಿಕೆಗೆ) 6 ಮಿ.ಮೀ. ದಂಟು ಹಾಕಿ ಎಷ್ಟು ಬಿಗಿದರೂ ಓಡುವಾಗ ಜಾರುತ್ತದೆ, ಕೊನೆಗೆ ಹಾರಿ ಬರುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಸಣ್ಣ ಟ್ರಿಮ್ಮರ್‌ಗಳು ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತವೆ. 4 ನೂಲಿನ ಬಿಟ್‌ನ ಹೊರ ವ್ಯಾಸ ಬೇರಿಂಗ್ ಸೇರಿ 38 ಮಿ.ಮೀ. ಹತ್ತಿರ ಬರುತ್ತದೆ. ಅಷ್ಟು ಅಗಲದ ಬಿಟ್‌ಗೆ 18,000 ಸುತ್ತಿಗಿಂತ ಹೆಚ್ಚು ಬೇಡ. ಆದ್ದರಿಂದ ವೇಗ ಬದಲಿಸಲಾಗದ ಟ್ರಿಮ್ಮರ್‌ನಲ್ಲಿ 2 ನೂಲಿನ ಬಿಟ್‌ಗೆ ನಿಲ್ಲಿಸಿ. ವೇಗ ಇಳಿಸಬಹುದಾದರೆ 3 ನೂಲು. 4 ನೂಲು ಬೇಕೇ ಬೇಕೆಂದರೆ ದಪ್ಪ ದಂಟಿನ ದೊಡ್ಡ ರೌಟರ್ ಬಳಸಿ, ಅಥವಾ ಹತ್ತರಿ ಹಿಡಿಯಿರಿ.

ಮಲಗಿಸಿದ ಕಂಬ, ಯಂತ್ರದ ಕೆಲಸ

ಮೊದಲು ಕಂಬದ ಮೈ ನೋಡಿ. ಬೇರಿಂಗ್ ಕುರುಡು, ಮೈಮೇಲಿನ ಗುಳಿ, ಸೀಳು, ಸತ್ತ ಗಂಟು ಎಲ್ಲವನ್ನೂ ನಕಲು ಮಾಡಿ ಏಣಿನ ಮೇಲೆ ಇಳಿಸುತ್ತದೆ. ಏಣಿನಿಂದ ಒಂದಿಂಚಿನೊಳಗಿನ ಸೀಳುಗಳಿಗೆ ಅದೇ ಮರದ ಪುಡಿ ಬೆರೆಸಿದ ಎಪಾಕ್ಸಿ ತುಂಬಿ ಒಂದು ದಿನ ಬಿಡಿ. ಹಳೆಯ ಮನೆಯಿಂದ ಬಿಚ್ಚಿದ ಮರವಾದರೆ ನಾಲ್ಕೂ ಏಣಿನ ಉದ್ದಕ್ಕೆ ಅಯಸ್ಕಾಂತ ಓಡಿಸಿ. ಮುರಿದ ಮೊಳೆಯ ತುಂಡು ಒಂದೇ ಒಂದು ಸಿಕ್ಕರೂ ಕಾರ್ಬೈಡ್ ಬಾಯಿ ಚೂರಾಗುತ್ತದೆ.

ಬಿಟ್‌ನ ದಂಟನ್ನು ಕಾಲೆಟ್‌ನೊಳಗೆ ಪೂರ್ತಿ ಇಳಿಸಿ, ಮತ್ತೆ 2-3 ಮಿ.ಮೀ. ಮೇಲಕ್ಕೆ ಎಳೆದು ಬಿಗಿಯಿರಿ. ತಳಕ್ಕೆ ತಾಗಿಸಿ ಬಿಗಿದರೆ ಕಾಲೆಟ್ ಸರಿಯಾಗಿ ಕಚ್ಚುವುದಿಲ್ಲ.

ಆಳ ಹೊಂದಿಸುವುದು ಮುಖ್ಯ ಕೆಲಸ. ಅದೇ ಕಂಬದಿಂದ ಕತ್ತರಿಸಿದ ತುಂಡಿನ ಮೇಲೆ ನೋಡಿಕೊಳ್ಳಿ. ಬಿಟ್ ಕಡಿಮೆ ಇಳಿದರೆ ತಿರುವು ಅರೆಬರೆ, ಒಂದು ಕಡೆ ಸಣ್ಣ ಏಣು ಉಳಿಯುತ್ತದೆ. ಹೆಚ್ಚು ಇಳಿದರೆ ತಿರುವಿನ ಮೇಲ್ತುದಿಯಲ್ಲಿ ಒಂದು ಮೆಟ್ಟಿಲು ಬೀಳುತ್ತದೆ. ಬಯಲಿನ ಕಂಬಕ್ಕೆ ಈ ಮೆಟ್ಟಿಲು ಬೇಡವೇ ಬೇಡ, ನೀರು ಮತ್ತು ಧೂಳು ಅಲ್ಲೇ ಕೂರುತ್ತವೆ. ಬೆರಳ ತುದಿಯನ್ನು ಮೈಯಿಂದ ತಿರುವಿನ ಕಡೆಗೆ ಸವರಿದಾಗ ಎಲ್ಲಿ ಶುರುವಾಯಿತೆಂದೇ ತಿಳಿಯಬಾರದು. ಅನುಮಾನ ಇದ್ದರೆ ಕೂದಲೆಳೆಯಷ್ಟು ಕಡಿಮೆಯೇ ಇಡಿ. ಉಳಿದ ಏಣನ್ನು ಉಜ್ಜಿ ತೆಗೆಯಬಹುದು, ಬಿದ್ದ ಮೆಟ್ಟಿಲನ್ನು ತುಂಬಲಾಗದು.

3 ನೂಲಿನ ತಿರುವನ್ನು ಒಂದೇ ಸಲಕ್ಕೆ ತೆಗೆಯಬೇಡಿ. ಮೊದಲ ಸಲ 5 ಮಿ.ಮೀ. ಆಳ, ಎರಡನೇ ಸಲ 8.5, ಕೊನೆಗೆ ಉಳಿದ ಒಂದು ಮಿ.ಮೀ. ಕೊನೆಯ ಆ ತೆಳು ಸಲವೇ ಮೈಯನ್ನು ನುಣ್ಣಗೆ ಮಾಡುವುದು. ನಾಲ್ಕೂ ಕಂಬಗಳ ಎಲ್ಲ ಏಣುಗಳನ್ನು ಒಂದು ಆಳದಲ್ಲಿ ಮುಗಿಸಿ ಆಮೇಲೆ ಆಳ ಬದಲಿಸಿ. ಒಂದೊಂದು ಏಣಿಗೂ ಮೂರು ಮೂರು ಸಲ ಆಳ ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ವ್ಯತ್ಯಾಸ ಬಂದೇ ಬರುತ್ತದೆ. ಎಂಟಡಿಯ ನಾಲ್ಕು ಕಂಬಕ್ಕೆ ಏಣುಗಳೆಲ್ಲ ಸೇರಿ ಸುಮಾರು 39 ಮೀಟರ್. ಮೂರು ಸಲಕ್ಕೆ 117 ಮೀಟರ್ ಓಟ. ಅರ್ಧ ದಿನ ಇಟ್ಟುಕೊಳ್ಳಿ.

ದಿಕ್ಕು: ಕಂಬ ನಿಮ್ಮ ಮುಂದೆ ಅಡ್ಡ ಮಲಗಿದೆ, ಯಂತ್ರ ಅದರ ಮೇಲ್ಮೈ ಮೇಲಿದೆ, ಕತ್ತರಿಸಬೇಕಾದ ಏಣು ನಿಮ್ಮ ಹೊಟ್ಟೆಯ ಕಡೆಗಿದೆ ಎಂದುಕೊಳ್ಳಿ. ಆಗ ಎಡದಿಂದ ಬಲಕ್ಕೆ ಓಡಿಸಬೇಕು. ಹೀಗೆ ಮಾಡಿದಾಗ ಬಿಟ್ ನಿಮ್ಮ ತಳ್ಳುವಿಕೆಗೆ ಎದುರಾಗಿ ಕತ್ತರಿಸುತ್ತದೆ, ಯಂತ್ರ ಹತೋಟಿಯಲ್ಲಿರುತ್ತದೆ. ಬಲದಿಂದ ಎಡಕ್ಕೆ ಓಡಿಸಿದರೆ ಬಿಟ್ ಚಕ್ರದಂತೆ ಏಣಿನ ಮೇಲೆ ಓಡಲು ನೋಡುತ್ತದೆ, ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಎಳೆ ತೀರಾ ಎದುರಾಗಿ ಕಿತ್ತು ಬರುತ್ತಿರುವ ಒಂದೆರಡು ಗೇಣು ಜಾಗದಲ್ಲಿ, ಅರ್ಧ ಮಿ.ಮೀ. ಮಾತ್ರ ತೆಗೆಯುವ ಕೊನೆಯ ಸಲದಲ್ಲಿ, ಎರಡೂ ಕೈಯಲ್ಲಿ ಬಿಗಿಹಿಡಿದು ಉಲ್ಟಾ ಓಡಿಸುವುದುಂಟು. ಅಭ್ಯಾಸ ಇಲ್ಲದವರು ಅಲ್ಲಿ ಹತ್ತರಿ ಅಥವಾ ಸ್ಯಾಂಡ್ ಪೇಪರ್ ಬಳಸುವುದೇ ಮೇಲು.

ಟ್ರಿಮ್ಮರ್‌ನ ತಳದ ಅರ್ಧಭಾಗ ಏಣಿನಾಚೆ ಗಾಳಿಯಲ್ಲಿರುತ್ತದೆ. ಕೈ ಸ್ವಲ್ಪ ಬಾಗಿದರೂ ತಿರುವು ಅಲೆಅಲೆಯಾಗುತ್ತದೆ. 6 ಮಿ.ಮೀ. ಪ್ಲೈವುಡ್‌ನಲ್ಲಿ ಒಂದಡಿ ಉದ್ದದ ತಳ ಮಾಡಿ ಯಂತ್ರದ ಅಡಿಗೆ ತಿರುಪಿನಲ್ಲಿ ಕೂರಿಸಿ. ಅದರ ಉದ್ದ ಬಾಲ ಕಂಬದ ಮೇಲೆ ಚಾಚಿರಲಿ, ಎಡಗೈ ಆ ಬಾಲವನ್ನು ಕೆಳಕ್ಕೆ ಒತ್ತಿ ಹಿಡಿದಿರಲಿ. ಈ ಪ್ಲೈ ತುಂಡು ಇಲ್ಲದೆ ಮೊದಲ ಸಲಕ್ಕೇ ನೇರ ತಿರುವು ಬರುವುದು ಅಪರೂಪ.

ವೇಗ ಒಂದೇ ಸಮ ಇರಲಿ, ಎಂಟಡಿಗೆ ಒಂದೂವರೆ ನಿಮಿಷದ ಆಸುಪಾಸು. ನಡುವೆ ಒಂದೆಡೆ ನಿಂತರೆ ಮರ ಕಂದುಗಟ್ಟಿ ಸುಡುತ್ತದೆ. ಸುಟ್ಟ ಕಲೆ ಉಜ್ಜಿದರೆ ಬೇಗ ಹೋಗುವುದಿಲ್ಲ, ಎಣ್ಣೆ ಹಚ್ಚಿದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ದುಂಡು ನಿಲ್ಲುವ ಜಾಗ

ಗುರುತಿನ ಗೆರೆಯ ಬಳಿ ಕಣ್ಣಂದಾಜಿನಲ್ಲಿ ನಿಲ್ಲಿಸಿದರೆ ನಾಲ್ಕು ಕಂಬದಲ್ಲಿ ನಾಲ್ಕು ತರ ಆಗುತ್ತದೆ. ಒಂದು ಮರದ ತುಂಡನ್ನು ಕಂಬಕ್ಕೆ ಅಡ್ಡಲಾಗಿ ಕ್ಲ್ಯಾಂಪ್ ಮಾಡಿ, ಯಂತ್ರದ ತಳ ಅದಕ್ಕೆ ಬಡಿದು ನಿಲ್ಲಲಿ. ಎಷ್ಟು ದೂರದಲ್ಲಿ ಕ್ಲ್ಯಾಂಪ್ ಮಾಡಬೇಕು ಎಂಬುದನ್ನು ತುಂಡುಮರದ ಮೇಲೆ ಒಮ್ಮೆ ಓಡಿಸಿ ಅಳೆದುಕೊಳ್ಳಿ. ಬಿಟ್‌ನ ನಡು ನಿಂತ ಜಾಗಕ್ಕಿಂತ ಒಂದು ಸೆಂ.ಮೀ. ಚಿಲ್ಲರೆ ಆಚೆಗೂ ತಿರುವಿನ ಬಾಲ ಹರಿದಿರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಿಟ್ ನಿಂತಲ್ಲಿ ಬಾಲ ಎರಡೂ ಮೈಮೇಲೆ ಒಂದೇ ತರ ಬೀಳುವುದಿಲ್ಲ. ಯಂತ್ರದ ತಳ ಕೂತಿದ್ದ ಮೈಮೇಲೆ ಉದ್ದವಾಗಿ ಚಮಚದ ಆಕಾರದಲ್ಲಿ ಹರಡುತ್ತದೆ, ಬೇರಿಂಗ್ ಓಡಿದ ಮೈಮೇಲೆ ಮೊಂಡಾಗಿ ನಿಲ್ಲುತ್ತದೆ. ಆದ್ದರಿಂದ ಯಾವ ಏಣಿಗೆ ಯಾವ ಮೈಮೇಲೆ ಯಂತ್ರ ಕೂರಬೇಕೆಂದು ಮೊದಲೇ ತೀರ್ಮಾನಿಸಿ, ಎಲ್ಲ ಕಂಬಕ್ಕೂ ಅದನ್ನೇ ಪಾಲಿಸಿ. ಬೀದಿಯಿಂದ ನೋಡುವ ಮುಂದಿನ ಮೈಯ ಎರಡೂ ಏಣಿಗೆ ಮುಂದಿನ ಮೈಮೇಲೆಯೇ ಯಂತ್ರ ಇಟ್ಟರೆ ಬಾಲಗಳು ಜೋಡಿಯಾಗಿ ಕಾಣುತ್ತವೆ. ಆಮೇಲೆ ಒಂದಿಂಚಿನ ಉಳಿಯಿಂದ ಮೊಂಡಾದ ಕಡೆಯನ್ನೂ ಎರಡು ಮೂರು ತೆಳು ಸಿಪ್ಪೆ ತೆಗೆದು ಓರೆಮಾಡಿ. ಕಂಬ ನಿಂತಾಗ ಕೆಳಗಿನ ಕೊನೆ ಹೊರಕ್ಕೆ ಇಳಿಜಾರಾಗಿರಲಿ, ನೀರು ಜಾರಿಹೋಗುವ ಹಾಗೆ. ಅಲ್ಲಿ ಬಟ್ಟಲಿನಂತೆ ಒಳಕ್ಕೆ ಕೊರೆದುಬಿಟ್ಟರೆ ಪ್ರತಿ ಮಳೆಗೂ ಒಂದು ಚಮಚ ನೀರು ನಿಲ್ಲುತ್ತದೆ.

ತಲೆ ಬಯಲಿಗೆ ತೆರೆದಿರುವ ಕಂಬಗಳಲ್ಲಿ, ಅಂದರೆ ಬೇಲಿ, ಗೇಟಿನ ಕಂಬಗಳಲ್ಲಿ, ತಲೆಯ ಅಂಚನ್ನೂ ದುಂಡಗೆ ಮಾಡಬೇಕು. ಮೊದಲು ತಲೆಯ ನಾಲ್ಕು ಅಡ್ಡ ಅಂಚು, ಆಮೇಲೆ ಉದ್ದದ ಏಣುಗಳು. ಅಡ್ಡ ಎಳೆಯಲ್ಲಿ ಕತ್ತರಿಸುವಾಗ ಮೂಲೆಯಲ್ಲಿ ಚೂರು ಕಿತ್ತು ಬರುವುದು ಸಹಜ, ಉದ್ದದ ಏಣು ತೆಗೆಯುವಾಗ ಆ ಕಿತ್ತ ಜಾಗವೂ ಹೋಗಿಬಿಡುತ್ತದೆ.

ಆಗಲೇ ನಿಂತಿರುವ ಕಂಬ

ಕಟ್ಟಿ ಮುಗಿದ ಚಪ್ಪರದ ಕಂಬವನ್ನೂ ದುಂಡಗೆ ಮಾಡಬಹುದು, ಮೈಬಗ್ಗಿಸಿ ಮಾಡುವ ಕೆಲಸ ಅಷ್ಟೇ. ಟ್ರಿಮ್ಮರ್‌ನ ತಳದ ಅರ್ಧ ಅಗಲ 45 ಮಿ.ಮೀ. ಆಸುಪಾಸು ಇರುವುದರಿಂದ ನೆಲಕ್ಕೂ ತೊಲೆಗೂ ಅಷ್ಟು ಹತ್ತಿರ ಅದು ಹೋಗಲಾರದು. ಹೇಗೂ 75 ಮಿ.ಮೀ. ಬಿಡಬೇಕಲ್ಲ, ಅಡ್ಡಿಯಿಲ್ಲ.

ನಿಂತ ಕಂಬದಲ್ಲಿ ದಿಕ್ಕು ಗೊಂದಲ ತರುತ್ತದೆ. ಕಂಬದ ಒಂದು ಮೈಗೆ ಮುಖ ಮಾಡಿ ನಿಲ್ಲಿ. ಯಂತ್ರ ಆ ಮೈಮೇಲೆ ಕೂತಿರುವಾಗ ನಿಮ್ಮ ಬಲಗಡೆಯ ಏಣನ್ನು ಕೆಳಗಿನಿಂದ ಮೇಲಕ್ಕೆ, ಎಡಗಡೆಯ ಏಣನ್ನು ಮೇಲಿನಿಂದ ಕೆಳಕ್ಕೆ ಓಡಿಸಬೇಕು. ಎಡ ಏಣು ಸುಲಭ, ಏಕೆಂದರೆ ಬಿಟ್ ಯಂತ್ರವನ್ನು ಮೇಲಕ್ಕೆ ತಳ್ಳುತ್ತದೆ, ಯಂತ್ರದ ಭಾರ ಕೆಳಕ್ಕೆ ಎಳೆಯುತ್ತದೆ, ಎರಡೂ ಸರಿದೂಗುತ್ತವೆ. ನಾಲ್ಕೂ ಮೈಗೆ ಒಂದೊಂದಾಗಿ ಮುಖ ಮಾಡಿ ನಿಂತು ಪ್ರತಿ ಸಲ ಎಡ ಏಣನ್ನೇ ಕೆಳಕ್ಕೆ ಇಳಿಸಿದರೆ ನಾಲ್ಕು ಏಣೂ ಮುಗಿಯುತ್ತವೆ, ಮೇಲಕ್ಕೆ ಎತ್ತುವ ಶ್ರಮವೇ ಇಲ್ಲ. ಆಗ ಬಾಲಗಳು ಜೋಡಿಯಾಗಿ ಬರುವುದಿಲ್ಲ, ಉಳಿಯ ಕೆಲಸ ಸ್ವಲ್ಪ ಹೆಚ್ಚುತ್ತದೆ. ಬೆನ್ನು ಉಳಿಯುತ್ತದೆ.

ಎದೆಮಟ್ಟಕ್ಕಿಂತ ಮೇಲಿನ ಕೆಲಸವನ್ನು ಏಣಿಯ ಮೇಲೆ ನಿಂತು ಮಾಡಬೇಡಿ. ಯಂತ್ರಕ್ಕೆ ಎರಡು ಕೈ ಬೇಕು, ಏಣಿಗೂ ಒಂದು ಕೈ ಬೇಕು. ಎರಡು ಕುದುರೆ, ಎರಡು ಹಲಗೆಯ ಅಟ್ಟ ಸಾಕು. ಪಂಚೆ, ದುಪಟ್ಟಾ, ಸಡಿಲ ತೋಳು, ಕೈಗವಸು ಬೇಡ. ಹೊರಗಿನ ಪ್ಲಗ್ ಆದ್ದರಿಂದ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಾಲನ್ನು ಆರಿಸುವ ಸ್ವಿಚ್) ಇರುವ ಸಾಲಿನಿಂದಲೇ ಕರೆಂಟ್ ತೆಗೆಯಿರಿ, ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಡಿ.

ಹಳೆಯ ಬಣ್ಣ ಇರುವ ಕಂಬವಾದರೆ ಇನ್ನೊಂದು ಎಚ್ಚರ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎನಾಮೆಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಯಂತ್ರ ಓಡಿಸಿದರೆ ಆ ಬಣ್ಣ ಪುಡಿಯಾಗಿ ಅಂಗಳವೆಲ್ಲ ಹರಡುತ್ತದೆ. ಏಣಿನ ಎರಡೂ ಕಡೆ ಒಂದಿಂಚು ಅಗಲಕ್ಕೆ ಬಣ್ಣವನ್ನು ಮೊದಲು ರಿಮೂವರ್ ಹಚ್ಚಿ ಕೆರೆದು, ಅಡಿಗೆ ಹಾಸಿದ ಪ್ಲಾಸ್ಟಿಕ್‌ನಲ್ಲಿ ಸುತ್ತಿ ತೆಗೆಯಿರಿ. ಮಕ್ಕಳು ಆ ದಿನ ಅಂಗಳಕ್ಕೆ ಬರಬಾರದು.

ಹತ್ತರಿಯಲ್ಲಿ ದುಂಡು ಮಾಡುವುದು

ಒಂದೋ ಎರಡೋ ಕಂಬಕ್ಕೆ, 4 ನೂಲಿಗಿಂತ ದೊಡ್ಡ ತಿರುವಿಗೆ, ಕರೆಂಟ್ ಇಲ್ಲದ ತೋಟದ ಮನೆಗೆ ಹತ್ತರಿಯೇ ಸೈ. ಒಂದು ಏಣಿಗೆ ಅರ್ಧ ಗಂಟೆ ಹಿಡಿಯುತ್ತದೆ. ಸದ್ದಿಲ್ಲ, ಧೂಳಿಲ್ಲ, ಔಷಧಿ ತುಂಬಿಸಿದ ಮರವಲ್ಲದಿದ್ದರೆ ಸಿಪ್ಪೆ ಒಲೆ ಹೊತ್ತಿಸಲು ಬರುತ್ತದೆ.

ಇಲ್ಲಿ ಗೆರೆಗಳೇ ಯಜಮಾನರು. ಪ್ರತಿ ಏಣಿನ ಎರಡೂ ಬದಿಯ ಮೈಮೇಲೆ ಮಾರ್ಕಿಂಗ್ ಗೇಜ್‌ನಿಂದ ಎರಡೆರಡು ಗೆರೆ ಬೇಕು. ಹೊರಗಿನದು ತ್ರಿಜ್ಯದಷ್ಟು ದೂರದಲ್ಲಿ. ಒಳಗಿನದು ತ್ರಿಜ್ಯವನ್ನು 0.586ರಿಂದ ಗುಣಿಸಿದಷ್ಟು ದೂರದಲ್ಲಿ. 12 ಮಿ.ಮೀ. ತಿರುವಿಗೆ ಏಣಿನಿಂದ 7 ಮಿ.ಮೀ., 20ಕ್ಕೆ 11.7, 25ಕ್ಕೆ 14.6. ಗೇಜ್‌ನ ಮೊಳೆಯಿಂದ ಆಳವಾಗಿ ಗೀರಬೇಡಿ, ಗೀರು ಬಣ್ಣದಡಿಯಿಂದಲೂ ಕಾಣುತ್ತದೆ. ಮೊಳೆಯ ಬದಲು ಪೆನ್ಸಿಲ್ ತುಂಡು ಸಿಕ್ಕಿಸಿ.

ಮೊದಲು 45 ಡಿಗ್ರಿಯಲ್ಲಿ ಹತ್ತರಿ ಹಿಡಿದು ಎರಡು ಒಳಗೆರೆಗಳನ್ನು ಮುಟ್ಟುವವರೆಗೆ ಚಪ್ಪಟೆ ಪಟ್ಟಿ ತೆಗೆಯಿರಿ. ಪಟ್ಟಿಯ ಅಗಲ ಉದ್ದಕ್ಕೂ ಒಂದೇ ಆಗಿದೆಯೇ ಎಂದು ಕಂಬದ ತುದಿಯಿಂದ ಕಣ್ಣಿಟ್ಟು ನೋಡಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಈಗ ಒಂದು ಚೂಪು ಏಣಿನ ಜಾಗದಲ್ಲಿ ಎರಡು ಮೊಂಡು ಏಣುಗಳಿವೆ. ಆ ಎರಡನ್ನೂ ಹತ್ತರಿಯಿಂದ ಒಂದೊಂದಾಗಿ ತೆಳುವಾಗಿ ತೆಗೆಯಿರಿ. 12 ಮಿ.ಮೀ. ತಿರುವಿನಲ್ಲಿ ಈ ಹೊಸ ಪಟ್ಟಿಯ ಹೊರ ಅಂಚು ಮೂಲ ಏಣಿದ್ದ ಜಾಗದಿಂದ 9.6 ಮಿ.ಮೀ. ದೂರಕ್ಕೆ ಬಂದು ನಿಲ್ಲಬೇಕು. ಹೊರಗೆರೆಯನ್ನು ಹತ್ತರಿ ಮುಟ್ಟಬಾರದು, ಅಲ್ಲಿಯವರೆಗೆ ಹೋಗುವುದು ಸ್ಯಾಂಡ್ ಪೇಪರ್ ಮಾತ್ರ.

ಹತ್ತರಿ ಕಿತ್ತು ಬರುತ್ತಿದ್ದರೆ ದಿಕ್ಕು ಬದಲಿಸಿ. ಗಂಟಿನ ಹತ್ತಿರ ಎರಡೂ ಕಡೆಯಿಂದ ಗಂಟಿನತ್ತ ಬನ್ನಿ, ಗಂಟನ್ನು ಅರದಿಂದ ತೆಗೆಯಿರಿ. ದುಂಡು ನಿಲ್ಲುವ ಕೊನೆಗಳಿಗೆ ಹತ್ತರಿ ಹೋಗುವುದಿಲ್ಲ, ಅಲ್ಲಿ ಉಳಿ.

ತಿರುವು ಸರಿಯಿದೆಯೇ ಎಂದು ನೋಡಲು ಅಚ್ಚು ಬೇಕು. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ., ಅಂದರೆ ತ್ರಿಜ್ಯ 13.5. ದಪ್ಪ ರಟ್ಟಿನ ಮೇಲೆ ನಾಣ್ಯ ಇಟ್ಟು ಗೆರೆ ಎಳೆದು ಕಾಲುಭಾಗವನ್ನು ಕತ್ತರಿಸಿ ತೆಗೆಯಿರಿ. ನಿಮ್ಮ ಗೇಜನ್ನೂ 13.5 ಮತ್ತು 8ಕ್ಕೆ ಹೊಂದಿಸಿದರೆ ಅಚ್ಚೂ ಗೆರೆಯೂ ತಾಳೆಯಾಗುತ್ತವೆ. ರಟ್ಟನ್ನು ಏಣಿಗೆ ಒತ್ತಿ ಬೆಳಕಿನ ಕಡೆ ಹಿಡಿದಾಗ ಎಲ್ಲಿ ಬೆಳಕು ತೂರುವುದಿಲ್ಲವೋ ಅಲ್ಲಿ ಇನ್ನೂ ಮರ ಉಬ್ಬಿದೆ.

ಉಜ್ಜುವುದು

80ರ ಬಟ್ಟೆ ಪೇಪರನ್ನು ಎರಡಿಂಚು ಅಗಲದ ಪಟ್ಟಿಯಾಗಿ ಹರಿದು, ಶೂ ಪಾಲಿಶ್ ಮಾಡುವ ಹಾಗೆ ಎರಡೂ ತುದಿ ಹಿಡಿದು ಏಣಿನ ಮೇಲೆ ಅತ್ತಿತ್ತ ಎಳೆಯಿರಿ. ಇದರಿಂದ ಪಟ್ಟಿಗಳು ಅಳಿದು ದುಂಡು ಮೂಡುತ್ತದೆ. ಆದರೆ ಈ ಉಜ್ಜು ಎಳೆಗೆ ಅಡ್ಡ, ಗೀರು ಉಳಿಯುತ್ತದೆ. ಆಮೇಲೆ 120ರಿಂದ ಉದ್ದುದ್ದ ಉಜ್ಜಿ ಗೀರು ಹೋಗಲಾಡಿಸಿ. ಉದ್ದುದ್ದ ಉಜ್ಜಲು ಒಂದಿಂಚಿನ ಪಿವಿಸಿ ಪೈಪಿನ ಗೇಣುದ್ದ ತುಂಡನ್ನು ಸೀಳಿ ಒಳಮೈಗೆ ಪೇಪರ್ ಅಂಟಿಸಿಕೊಂಡರೆ 4 ನೂಲಿನ ಆಸುಪಾಸಿನ ತಿರುವಿಗೆ ಕೈಗೆ ಬಂದ ಅಚ್ಚು. ಬರಿಗೈಯಲ್ಲಿ ಉಜ್ಜಿದರೆ ಮೆದು ಎಳೆ ಕುಳಿಬಿದ್ದು ಗಟ್ಟಿ ಎಳೆ ಏಣಾಗಿ ನಿಲ್ಲುತ್ತದೆ, ಪೈನ್‌ನಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ.

ಎಣ್ಣೆ ಹಚ್ಚುವ ಕಂಬಕ್ಕೆ 150 ಮೀರಿ ಹೋಗಬೇಡಿ. ಮೈ ತೀರಾ ನುಣುಪಾದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಬಣ್ಣಕ್ಕೆ 120 ಸಾಕು.

ಕೆಟ್ಟದ್ದನ್ನು ಸರಿಪಡಿಸುವುದು

ತಿರುವಿನ ಕೆಳಗೆ ಉದ್ದಕ್ಕೂ ಕಂದು ಗೆರೆ ಬಿದ್ದಿದ್ದರೆ ಬೇರಿಂಗ್ ಅಂಟಿಕೊಂಡು ಬಿಟ್ ಜೊತೆಗೇ ತಿರುಗುತ್ತಿದೆ. ಅಂಟು ಒರೆಸಿ, ಬೆರಳಲ್ಲಿ ಸಲೀಸಾಗಿ ತಿರುಗದಿದ್ದರೆ ಹೊಸದು ಹಾಕಿ. ತಿರುವು ಹೋಗುತ್ತ ಹೋಗುತ್ತ ಆಳವಾಗಿದ್ದರೆ ಕಾಲೆಟ್‌ನಲ್ಲಿ ಬಿಟ್ ಜಾರಿದೆ, ಕೂಡಲೇ ನಿಲ್ಲಿಸಿ. ಸೀಳಿ ಎದ್ದ ಚೂರು ಇನ್ನೂ ಅಂಟಿಕೊಂಡಿದ್ದರೆ ಅದನ್ನು ಕೀಳಬೇಡಿ. ಅದರಡಿಗೆ ನೀರಿಗೆ ಬಿಡದ ಪಿಯು (ಪಾಲಿಯುರೆಥೇನ್) ಅಂಟು ಅಥವಾ ಎಪಾಕ್ಸಿ ಕಡ್ಡಿಯಲ್ಲಿ ತಳ್ಳಿ, ಮೇಲೆ ಟೇಪ್ ಸುತ್ತಿ ಒಂದು ದಿನ ಬಿಡಿ. ಕಳೆದುಹೋದ ಚೂರಿನ ಜಾಗಕ್ಕೆ ಪುಟ್ಟಿ ತುಂಬುವವರುಂಟು, ಬಯಲಿನಲ್ಲಿ ಅದು ಎರಡು ಮಳೆಗಾಲ ನಿಂತರೆ ಹೆಚ್ಚು. ಅದರ ಬದಲು ಆ ಏಣಿನ ತ್ರಿಜ್ಯವನ್ನೇ ಒಂದು ನೂಲು ಹೆಚ್ಚಿಸಿ, ಉಳಿದ ಏಣುಗಳಿಗೂ ಅದನ್ನೇ ಮಾಡಿ.

ಎಣ್ಣೆ, ಬಣ್ಣ

ದುಂಡು ಮಾಡಿದ ದಿನವೋ ಮರುದಿನವೋ ಮೊದಲ ಕೋಟ್ ಬೀಳಬೇಕು, ಹೊಸ ಮೈ ಬಿಸಿಲಿಗೆ ವಾರಗಟ್ಟಲೆ ತೆರೆದಿದ್ದರೆ ಬಣ್ಣದ ಹಿಡಿತ ಕಡಿಮೆಯಾಗುತ್ತದೆ. ಪ್ರತಿ ಕೋಟಿನಲ್ಲೂ ಮೊದಲು ನಾಲ್ಕು ತಿರುವುಗಳ ಮೇಲೆ ಉದ್ದಕ್ಕೆ ಒಂದು ಕೈ ಎಳೆದು, ಅದು ಹಸಿಯಿರುವಾಗಲೇ ಮೈಗಳನ್ನು ಬಳಿಯಿರಿ. ಹೀಗೆ ತಿರುವಿಗೆ ಎರಡು ಪಾಲು ಬೀಳುತ್ತದೆ.

ಕರಾವಳಿಯಲ್ಲಿ ಮರಕ್ಕೆ ಗೇರೆಣ್ಣೆ ಹಚ್ಚುವ ರೂಢಿ ಇದೆ. ಗೆದ್ದಲಿಗೆ ಒಳ್ಳೆಯದೇ, ಆದರೆ ಅದು ಚರ್ಮ ಸುಡುತ್ತದೆ. ಮಕ್ಕಳು ಹಿಡಿದುಕೊಳ್ಳುವ ಕಂಬಕ್ಕೆ ಅದನ್ನು ಹಚ್ಚಿದರೆ ಪೂರ್ತಿ ಒಣಗುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಬರೀ ಅಗಸೆ ಎಣ್ಣೆ ಒಣ ಊರುಗಳಲ್ಲಿ ಪರವಾಗಿಲ್ಲ, ಮಳೆನಾಡಿನಲ್ಲಿ ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ, ಇಲ್ಲವೇ ಬಿಡಿಸಿ ತಂತಿಯ ಮೇಲೆ ಹರವಿ ಒಣಗಿದ ಮೇಲೆ ಬಿಸಾಡಿ.

ಮೊದಲ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ದುಂಡು ನಿಲ್ಲುವ ಕೆಳಗಿನ ಕೊನೆಗಳನ್ನು ಒಮ್ಮೆ ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದರೆ ಅಲ್ಲಿ ನೀರು ನಿಂತಿದೆ, ಉಳಿಯಿಂದ ಇಳಿಜಾರನ್ನು ಇನ್ನಷ್ಟು ಹೆಚ್ಚಿಸಿ, ಮೂರು ದಿನ ಒಣಗಲು ಬಿಟ್ಟು ಆ ಜಾಗಕ್ಕೆ ಮಾತ್ರ ಎರಡು ಕೋಟ್ ಹಾಕಿ.